ಹೆಸರು ಹೇಳಲು ಹದಿಮೂರು ನಿಮಿಷ

ಹಾಲಾಡಿ ಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಬೀಜ, ಗೊಬ್ಬರ, ಹೂಕುಂಡ, ಸ್ಪ್ರೇ ಪಂಪು, ಗಿಡಕ್ಕೆ ಬಿಡುವ ಮದ್ದು. ನಮ್ಮ ಕಡೆ ಅದನ್ನು ಯಾರೂ ವಿಷ ಎನ್ನುವುದಿಲ್ಲ. ನಾನೂ ಎನ್ನುವುದಿಲ್ಲ, ವ್ಯಾಪಾರ ನಡೆಯಬೇಕಲ್ಲ. ಮದ್ದು ಮಾರಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ತರಬೇತಿ ಬೇಕು. ಐವತ್ತು ದಾಟಿದ ಮೇಲೆ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೋಗಿ, ಮಕ್ಕಳ ಹಾಗೆ ಬೆಂಚಿನ ಮೇಲೆ ಕೂತು ಅದನ್ನೂ ಮುಗಿಸಿದೆ. ಸೀಲ್ ಒಡೆದು ಮಾರಬಾರದು. ಬೇರೆ ಬಾಟಲಿಗೆ ಸುರಿದು ಕೊಡಬಾರದು. ಜೊತೆಗಿರುವ ಚೀಟಿ ಇಲ್ಲದೆ ಕಳಿಸಬಾರದು. ತಿನ್ನುವ ವಸ್ತುಗಳ ಹತ್ತಿರ ಇಡಬಾರದು, ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಬೇಕು. ಎಲ್ಲವನ್ನೂ ದುಂಡಗೆ ಬರೆದುಕೊಂಡೆ. ಪಾಠ ಮಾಡುವವರು ನನ್ನ ನೋಟ್‌ಬುಕ್ಕನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸಿದ್ದರು.

ಆ ನೋಟ್‌ಬುಕ್ಕು ಯಾವ ಗಿರಾಕಿಗೆ ಬೇಕು? ಅಂಗಳದಲ್ಲಿ ನಾಲ್ಕು ಗಿಡ ನೆಟ್ಟ ಹೆಂಗಸರು ಖಾಲಿ ಬಾಟಲಿ ಹಿಡಿದುಕೊಂಡೇ ಬರುತ್ತಿದ್ದರು. ಇಡೀ ಪ್ಯಾಕು ಅವರಿಗೆ ಮೂರು ವರ್ಷವಾದರೂ ಮುಗಿಯದು. ಕೊಡುವುದಿಲ್ಲ ಎಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ನನ್ನ ಕೌಂಟರಿನ ಕೆಳಗೆ ಸೀಲ್ ಒಡೆದ ಕ್ಯಾನೊಂದು ಗೋಣಿ ಹೊದ್ದುಕೊಂಡು ಇರುತ್ತಿತ್ತು. ತಪಾಸಣೆಯವರಿಗೆ ಬೀಗ ಹಾಕಿದ ಕೋಣೆ, ನಮ್ಮವರಿಗೆ ಗೋಣಿಯ ಕ್ಯಾನು. ಇದನ್ನು ನಾನು ದೊಡ್ಡ ಉಪಕಾರ ಎಂದೇ ತಿಳಿದಿದ್ದೆ.

ಕಿರಿಮಂಜೇಶ್ವರದಲ್ಲಿರುವ ನನ್ನ ಅಕ್ಕ ಹೋದ ವರ್ಷ ಅಂಗಡಿಗೆ ಬಂದಳು. ಚೀಲದಿಂದ ಆಯುರ್ವೇದದ ಅರಿಷ್ಟದ ಖಾಲಿ ಬಾಟಲಿ ತೆಗೆದು ನನ್ನ ಮುಂದಿಟ್ಟಳು.

“ಮಲ್ಲಿಗಿ ಗಿಡಕ್ಕೆ ಹುಳ ಬಿದ್ದಿತ್ತ್ ಮಾರಾಯ. ಒಂಚೂರ್ ಹೊಯ್ದ್ ಕೊಡ್.”

“ಹೀಂಗೆ ಕೊಡೂಕಾತಿಲ್ಲ ಅಕ್ಕ.”

“ಎಂತಕಾತಿಲ್ಲ? ನಿನ್ನ ಎತ್ತಿ ಆಡ್ಸಿದವ್ಳ್ ನಾನ್. ನಂಗೂ ಕಾನೂನ್ ಹೇಳ್ತ್ಯಾ?”

ಹೊಯ್ದು ಕೊಟ್ಟೆ. ಎಷ್ಟು ನೀರಿಗೆ ಎಷ್ಟು ಮುಚ್ಚಳ ಎಂಬುದನ್ನೂ ಹೇಳಿದೆ. ತಿನ್ನುವ ಸೊಪ್ಪಿಗೆ ಬಿಡಬೇಡ ಎಂದು ಹೇಳಿದೆನೇ? ಹೇಳಿದ್ದೆ ಎಂದು ಬಹಳ ದಿನ ನನ್ನೊಳಗೇ ವಾದ ಮಾಡಿದೆ. ಹೇಳಿರಲಿಲ್ಲ. ಚೀಟಿಯಲ್ಲಿ ಅದು ಬರೆದಿರುತ್ತದೆ. ಚೀಟಿ ಕ್ಯಾನಿನ ಕುತ್ತಿಗೆಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಹಾಗೇ ಇತ್ತು.

ಅಕ್ಕನ ಬೇಲಿಯಾಚೆ ಮೀನು ಮಾರುವ ಹೆಂಗಸೊಬ್ಬಳ ಮನೆ. ಮೂವತ್ತು ವರ್ಷಗಳಿಂದ ಇಬ್ಬರ ನಡುವೆ ಒಂದು ಬಳಕೆ ನಡೆದುಕೊಂಡು ಬಂದಿದೆ. ಬಸಳೆ ಚಪ್ಪರ ಅಕ್ಕನ ಹಿತ್ತಿಲಲ್ಲಿ, ಸೊಪ್ಪು ಇಬ್ಬರ ಮನೆಗೂ. ಆಕೆ ಬಂದು ಬೇಕಾದಷ್ಟು ಕೊಯ್ದುಕೊಂಡು, ತಂದ ಮೀನನ್ನು ಜಗಲಿಯ ಮೇಲೆ ಮುಚ್ಚಿಟ್ಟು ಹೋಗುತ್ತಾಳೆ. ಕೇಳಿ ಕೊಯ್ದರೆ ಅಕ್ಕನಿಗೇ ಬೇಸರ, ಹೊರಗಿನವರ ಹಾಗೆ ಕೇಳುವುದೇನು ಎಂದು.

ಮರುದಿನ ಬೆಳಿಗ್ಗೆ ಮಲ್ಲಿಗೆಗೆ ಮದ್ದು ಬಿಟ್ಟ ಮೇಲೆ ಪಂಪಿನಲ್ಲಿ ಸ್ವಲ್ಪ ಉಳಿಯಿತು. ಚೆಲ್ಲಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಬಸಳೆಯ ಎಲೆಗಳೂ ತೂತು ಬಿದ್ದಿದ್ದವು, ಅದಕ್ಕೇ ಬಿಟ್ಟು ಮುಗಿಸಿದಳು. ಎರಡು ವಾರ ತಾನು ಕೊಯ್ಯದಿದ್ದರಾಯಿತು ಎಂದುಕೊಂಡು ಉಪ್ಪುಂದದ ನೆಂಟರ ಮನೆಗೆ ಹೊರಟುಹೋದಳು. ಕೇಳದೆ ಕೊಯ್ಯುವವಳೊಬ್ಬಳು ಇದ್ದಾಳೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಆ ಮಧ್ಯಾಹ್ನ ನೆರೆಮನೆಯಲ್ಲಿ ಉಳಿದವರು ಊಟಕ್ಕೆ ಇರಲಿಲ್ಲ. ಆಕೆ ಬಸಳೆ ಪದಾರ್ಥ ಮಾಡಿ ಒಬ್ಬಳೇ ಉಂಡಳು.

ಸಂಜೆ ಅಕ್ಕ ಮರಳಿ ಬರುವಷ್ಟರಲ್ಲಿ ಆಕೆಯನ್ನು ಕುಂದಾಪುರದ ಆಸ್ಪತ್ರೆಗೆ ಒಯ್ದಾಗಿತ್ತು; ಬಸಳೆ ಉಂಡದ್ದು ತಿಳಿದು ಅಕ್ಕನೂ ಅಲ್ಲಿಗೆ ಓಡಿ, ಅಲ್ಲಿಂದಲೇ ನನಗೆ ಫೋನು ಮಾಡಿದಳು. ಅಳುತ್ತಿದ್ದಳು.

“ವಾಂತಿ ನಿಲ್ತಿಲ್ಲ, ಬಾಯಂಗೆ ನೊರೆ ಬತ್ತಿತ್ತ್. ನಾನ್ ಬಾಟ್ಲಿ ತಕಂಡ್ ಬಂದಿದ್ದೆ, ಅದ್ರಂಗೆ ಅರಿಷ್ಟ ಅಂದೇ ಬರ್ಕಂಡಿತ್ತ್. ಡಾಕ್ಟ್ರ್ ಬೈತಿದ್ರ್. ಆ ಮದ್ದಿನ್ ಹೆಸ್ರ್ ಎಂತ, ಬೇಗ ಹೇಳ್!”

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಕ್ಯಾನು ನನ್ನ ಮೊಣಕಾಲಿಗೆ ತಾಗುತ್ತಿತ್ತು. “ಕಂಡ್ ಹೇಳ್ತೆ ಅಕ್ಕ” ಎಂದು ಫೋನು ಇಟ್ಟೆ.

ಯಾಕೆ ಇಟ್ಟೆ ಎಂಬುದನ್ನು ಬರೆದೇ ಬಿಡುತ್ತೇನೆ. ಹೆಸರು ಹೇಳಿದರೆ ಪೊಲೀಸರು ಬರುತ್ತಾರೆ, ಒಡೆದ ಕ್ಯಾನು ಸಿಗುತ್ತದೆ, ಲೈಸೆನ್ಸ್ ಹೋಗುತ್ತದೆ. ಆ ಹೆಂಗಸು ಸಾಯಬಹುದು ಎನ್ನುವುದಕ್ಕಿಂತ ಮೊದಲು ನನಗೆ ತೋಚಿದ್ದು ಇದು. ಶಟರ್ ಅರ್ಧ ಎಳೆದೆ. ಕ್ಯಾನನ್ನು ಗೋಣಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಹತ್ತಿರವೇ ಇದ್ದ ಮನೆಗೆ ಒಯ್ದು, ಸೌದೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಬಂದೆ. ಕೌಂಟರಿನ ಕೆಳಗೆ ಬಟ್ಟೆಯಿಂದ ಒರೆಸಿದೆ. ಆಮೇಲೆ ಅಕ್ಕನಿಗೆ ಫೋನು ಮಾಡಿ ಹೆಸರು ಹೇಳಿದೆ. ಎರಡು ಕರೆಗಳ ನಡುವೆ ಹದಿಮೂರು ನಿಮಿಷ ಎಂದು ಮೊಬೈಲಿನಲ್ಲಿ ಕಂಡಿತು.

ಆಕೆ ಉಳಿದಳು. ಲಕ್ಷಣ ನೋಡಿಯೇ ಡಾಕ್ಟರು ಚಿಕಿತ್ಸೆ ಶುರು ಮಾಡಿದ್ದರಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಅಂಗಡಿಗೆ ಯಾರೂ ಬರಲಿಲ್ಲ. ಮದ್ದು ಎಲ್ಲಿಯದು ಎಂದು ಕೇಳಿದವರಿಗೆ ಅಕ್ಕ, ಮನೆಯಲ್ಲಿ ಹಳೆಯದಿತ್ತು ಎಂದು ಹೇಳಿದ್ದಳು. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ನನಗೋಸ್ಕರ ಹೇಳಿದಳು.

ಈಗ ಅಂಗಡಿಯಲ್ಲಿ ಸೀಲ್ ಒಡೆಯುವುದಿಲ್ಲ. ದೊಡ್ಡ ಮನುಷ್ಯ ಆಗಿದ್ದಾನೆ ಎಂದು ಹೆಂಗಸರು ಬೈದುಕೊಂಡು ಹೋಗುತ್ತಾರೆ. ಬೈಯಲಿ.

ಆಕೆ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಕಿರಿಮಂಜೇಶ್ವರಕ್ಕೆ ಹೋದೆ. ಅಕ್ಕ ನನ್ನನ್ನು ಕರೆದುಕೊಂಡು ಬೇಲಿ ದಾಟಿದಳು. ಆಕೆ ಬಾಗಿಲ ಬಳಿ ಒರಗಿ ಕೂತಿದ್ದಳು, ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದಳು.

“ಇವ್ನೇ ನನ್ ತಮ್ಮ” ಎಂದಳು ಅಕ್ಕ. “ಆ ಹೊತ್ತಿಗೆ ಡಬ್ಬಿ ಸಿಕ್ದೆ ಅಂಗ್ಡಿ ಇಡೀ ಹುಡ್ಕಿದ್ನಂಬ್ರ್. ಪಾಪ, ಎಷ್ಟ್ ಗಾಬ್ರಿ ಆಯ್ತೋ ಏನೋ ಅವ್ನಿಗೆ.”

ನಾನು ಹಾಗೆ ಹೇಳಿರಲಿಲ್ಲ. ಹದಿಮೂರು ನಿಮಿಷಕ್ಕೆ ಅವಳೇ ಒಂದು ಕಾರಣ ಹುಡುಕಿಕೊಂಡಿದ್ದಳು. ಅಲ್ಲ ಎಂದು ಹೇಳಲು ಬಾಯಿ ತೆರೆದೆ.

“ನೀವ್ ಹೆಸ್ರ್ ಹೇಳ್ದಿದ್ರೆ ನಾನ್ ಉಳೂಕಿತ್ತಾ ಅಣ್ಣ?” ಎಂದು ಆಕೆ ಕೈ ಮುಗಿದಳು. ಮಗನನ್ನು ಕರೆದು ಒಳಗಿಂದ ಒಂದು ಕಟ್ಟು ತರಿಸಿದಳು. ಒಳ್ಳೆಯ ಕಾಣೆ ಮೀನು, ನನಗೆಂದೇ ತೆಗೆದಿಟ್ಟದ್ದು.

ಎರಡೂ ಕೈಯಲ್ಲಿ ತೆಗೆದುಕೊಂಡೆ. ಮನೆಯಲ್ಲಿ ಹೆಂಡತಿ ಸಾರು ಮಾಡಿದಳು, ರುಚಿಯಾಗಿದೆ ಎಂದು ಇನ್ನೊಮ್ಮೆ ಬಡಿಸಿದಳು. ಅದನ್ನೂ ಉಂಡೆ.