ಅಳಿಸಿದ ಮಚ್ಚೆ

ಲ್ಯಾಪ್‌ಟಾಪಿನಲ್ಲಿ ನಗುತ್ತಿದ್ದವಳು ನನ್ನ ಮಗಳು ಸೌಮ್ಯ ಅಲ್ಲವೇ ಅಲ್ಲ ಅನ್ನಿಸಿತು. ಸೀರೆ ಅವಳದೇ. ಹಿಂದೆ ಕಾಣುತ್ತಿದ್ದದ್ದೂ ನಾವು ಬೆಳಿಗ್ಗೆ ಹೋಗಿದ್ದ ಜಕ್ಕೂರು ಕೆರೆಯೇ. ಆದರೆ ಆ ಮುಖ ರಮ್ಯಳದು. ರಮ್ಯ ಅಂದರೆ ಸೌಮ್ಯಳ ಅವಳಿ, ಮೂರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡವಳು. ಇಬ್ಬರಲ್ಲಿ ಯಾರು ಯಾರೆಂದು ತಿಳಿಯಲು ನನಗಿದ್ದ ಗುರುತು ಸೌಮ್ಯಳ ತುಟಿಯ ಪಕ್ಕದ ಮಚ್ಚೆಯೊಂದೇ. ಈ ಮುಖದಲ್ಲಿ ಅದಿರಲಿಲ್ಲ.

ಜಾತಕದ ಜೊತೆ ಕಳಿಸಲು ಫೋಟೊ ತೆಗೆದುಕೊಟ್ಟವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿಯ ಗಂಗಾ. ಈ ಕೆಲಸಕ್ಕೆ ಹೊಸಬಳು. ನಾನು ತುಟಿಯ ಪಕ್ಕ ಬೆರಳಿಟ್ಟು ತೋರಿಸಿದೆ.

"ಅಯ್ಯ, ಮೊಡವಿ ಕಲೆ ಅನ್ಕೊಂಡು ಅಳಿಸಿಬಿಟ್ಟೇನ್ರಿ ಆಂಟಿ! ಇದನ್ನ ತಗದು ಬ್ಯಾರೇದ ಮಾಡಿ ಕೊಡ್ತೀನ್ರಿ" ಎಂದು ಮೌಸಿಗೆ ಕೈ ಹಾಕಿದಳು.

ನಾನು ಅವಳ ಕೈ ಹಿಡಿದುಕೊಂಡೆ. "ತೆಗೀಬೇಡ ಕಣೇ. ಈಗಷ್ಟೇ ಬಂದಿದ್ದಾಳೆ."

ಗಂಗಾ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿದಳು.

ವಿಷಯ ತಿಳಿದ ಮೇಲೆ ಆ ಹುಡುಗಿ ಯಾರ ಮುಖದ ಗುರುತನ್ನೂ ಕೇಳದೆ ಅಳಿಸುವುದಿಲ್ಲ. ಗಂಡಿನ ಕಡೆಯವರಿಗೆ ಮಚ್ಚೆಯಿರುವ ಫೋಟೊ ಹೋಯಿತು, ಇನ್ನೊಂದರ ಪ್ರಿಂಟು ನನ್ನ ಬೀರುವಿನಲ್ಲಿದೆ. ಕಳೆದುಕೊಂಡ ಮಗು ಸೀರೆಯುಟ್ಟು ನಿಂತದ್ದನ್ನು ದೇವರು ಒಂದು ಸಲ ತೋರಿಸಿದನಲ್ಲ, ನನಗಷ್ಟು ಸಾಕು. ಆದರೆ ಅಂದಿನಿಂದ ಬೀರು ತೆಗೆಯುವ ಮುಂಚೆ ಒಮ್ಮೆ ಬಾಗಿಲು ತಟ್ಟುತ್ತೇನೆ.