ಕಾಲರಕ್ಕನಿಗೆ ಸಿಕ್ಕ ಶಹಬ್ಬಾಸ್

ಅಂಗಿಗೆ ಕಾಲರ್ ಕೂರಿಸುವ ಕೆಲಸವೊಂದನ್ನೇ ಇಪ್ಪತ್ತು ವರ್ಷ ಮಾಡಿದವರಿಗೆ ಸ್ವಂತ ಹೆಸರು ಉಳಿಯುವುದು ಕಷ್ಟ. ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ಹಿರಿಯನಾದ ಗುಂಡಿ ತಾತನೂ ಹಾಗೇ ಕರೆಯುತ್ತಿದ್ದ. ತಾತನ ಕೆಲಸ ಗುಂಡಿ ಹಚ್ಚುವುದು, ಅದು ತೂರುವ ಕಾಜಾ ತೆಗೆಯುವುದು. ಪ್ಯಾಂಟು ಹೊಲಿಯುವವನು ಪ್ಯಾಂಟಣ್ಣ. ದೊಡ್ಡ ಕತ್ತರಿ ಮುಟ್ಟುವ ಹಕ್ಕು ಮಾತ್ರ ಒಬ್ಬರಿಗೇ, ಅದು ಮಾಸ್ಟರಿಗೆ.

ಮೆಟ್ಟಿಲು ಹತ್ತಿ ಹೋದರೆ ಉದ್ದನೆಯ ಒಂದು ಕೋಣೆ. ಈ ತುದಿಗೆ ಮಾಸ್ಟರು ಬಟ್ಟೆ ಕತ್ತರಿಸುವ ಮೇಜು, ಆ ತುದಿಗೆ ಇಸ್ತ್ರಿ ಮೇಜು, ನಡುವೆ ಹೊಲಿಗೆ ಯಂತ್ರಗಳು. ಹೊಲಿದ ಅಂಗಿ ಮೊದಲು ಮಾಸ್ಟರ ಕೈಗೆ ಹೋಗಬೇಕು. ಅವರು ಕಾಲರಿನ ಎರಡು ಮೂಲೆಗಳನ್ನು ಮುಖಾಮುಖಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಸರಿಯಿದ್ದರೆ ತುಟಿ ಎರಡು ಮಾಡದೆ ಇಸ್ತ್ರಿಯ ಕಡೆ ಎಸೆಯುವರು. ಸರಿಯಿಲ್ಲದಿದ್ದರೆ "ಬಿಚ್ಚು" ಎಂದು ಅವಳ ಮಡಿಲಿಗೆ ಎಸೆಯುವರು. ಇಪ್ಪತ್ತು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಹೆಚ್ಚುಕಡಿಮೆ ಇಷ್ಟೇ.

ಮನೆಯಲ್ಲಿ ಪರಿಸ್ಥಿತಿ ತದ್ವಿರುದ್ಧ. ಅವಳ ಗಂಡ ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್, ಬಂಗಾರದಂಥ ಮನುಷ್ಯ. ಉಪ್ಪಿಲ್ಲದ ಸಾರಿಗೂ ಸೂಪರ್ ಅನ್ನುವನು, ಸೀದ ಅನ್ನಕ್ಕೂ ಸೂಪರ್ ಅನ್ನುವನು. ಒಮ್ಮೆ ಅವಳು ತಪ್ಪಿ ಹಾಲಿನ ಬದಲು ಮಜ್ಜಿಗೆ ಹಾಕಿದ ಕಾಫಿ ಕೊಟ್ಟಾಗಲೂ ಅವನು ಮಾತು ಬದಲಿಸಲಿಲ್ಲ. ಅಂಥವನ ಹೊಗಳಿಕೆಯನ್ನು ಕಟ್ಟಿಕೊಂಡು ಏನು ಮಾಡುವುದು? ಅವಳಿಗೆ ಮಾಸ್ಟರ ಬಾಯಿಂದ ಒಂದು ಒಳ್ಳೆ ಮಾತು ಬೇಕಿತ್ತು, ಒಂದೇ ಒಂದು. ಆಸೆ ದೊಡ್ಡದೇನೂ ಅಲ್ಲ. ಆದರೆ ಅದಕ್ಕೊಂದು ಅಡ್ಡಿಯಿತ್ತು.

ಮಾಸ್ಟರಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದಲ್ಲಿರುವ ಸಕ್ಕರೆ ಸರ್ರನೆ ಇಳಿಯುತ್ತದೆ. ಹಾಗೆ ಇಳಿದಾಗ ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತದಂತೆ. ಕೆಲವರು ಬೆವರುತ್ತಾರೆ, ಕೆಲವರು ನಡುಗುತ್ತಾರೆ, ತುಂಬಾ ಜನ ಸಿಡುಕುತ್ತಾರೆ. ಮಾಸ್ಟರಲ್ಲಿ ಇನ್ನಷ್ಟು ಸಿಡುಕಿಗೆ ಜಾಗವೇ ಇರಲಿಲ್ಲವಾದ್ದರಿಂದ ಅವರಿಗೆ ಇದ್ದ ಸಿಡುಕೂ ಹೋಗಿಬಿಡುತ್ತಿತ್ತು. ಮುಖದ ಗಂಟು ಸಡಿಲವಾಗಿ, ಎದುರಿಗೆ ಸಿಕ್ಕವರನ್ನೆಲ್ಲ ಹೊಗಳಲು ಶುರು ಮಾಡುತ್ತಿದ್ದರು.

ಮಾಸ್ಟರ ಹೆಂಡತಿಯನ್ನು ಅಂಗಡಿಯವರೆಲ್ಲ ಅತ್ತಿಗೆ ಅನ್ನುತ್ತಿದ್ದರು. ಆಕೆ ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದ್ದಳು. "ಅವ್ರು ನಿಮ್ಮನ್ನ ಹೊಗಳಿದ್ರೆ ಖುಷಿಪಡ್ಬೇಡಿ. ಮೊದ್ಲು ಸಕ್ಕರೆ ನೀರು ಕುಡಿಸಿ" ಎಂಬುದು ಪಾಠದ ಮೊದಲ ಸಾಲು. ಎಚ್ಚರವಿದ್ದು ನುಂಗುವ ಹಾಗಿದ್ದರೆ ಮಾತ್ರ ಬಾಯಿಗೆ ಕೊಡಬೇಕು. ಎಚ್ಚರ ತಪ್ಪಿದರೆ ಒಂದು ಹನಿಯೂ ಹಾಕಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಆಗ ಇದು ಎಂದು ಕಿತ್ತಳೆ ಬಣ್ಣದ ಡಬ್ಬಿಯೊಂದನ್ನು ತೆರೆದು ತೋರಿಸಿದ್ದಳು. ಒಂದು ಪುಟ್ಟ ಸೀಸೆಯಲ್ಲಿ ಪುಡಿ, ಒಂದು ಸಿರಿಂಜಿನಲ್ಲಿ ನೀರು. ಗ್ಲೂಕಗಾನ್ ಎಂದು ಹೆಸರು. ಲಿವರ್ ಕೂಡಿಟ್ಟುಕೊಂಡ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವ ಮದ್ದು. ಕಲಸಿ ತೊಡೆಗೆ ಚುಚ್ಚಬೇಕು, ಬಟ್ಟೆಯ ಮೇಲಿಂದಲೇ ಆದೀತು. ಕೋಟಿನ ಭುಜಕ್ಕಿಡುವ ಪ್ಯಾಡಿಗೆ ಹಳೇ ಸಿರಿಂಜಿನಿಂದ ಎಲ್ಲರೂ ಚುಚ್ಚಿ ಅಭ್ಯಾಸ ಮಾಡಿದರು. ಸೂಜಿಯ ಜೊತೆಗೇ ಬದುಕುವವನಾದರೂ ಪ್ಯಾಂಟಣ್ಣನಿಗೆ ಕಣ್ಣು ಕತ್ತಲೆ ಬಂತು.

ಈ ಪಾಠದಿಂದ ಮಾಸ್ಟರಿಗೆ ಆದ ನಷ್ಟವನ್ನು ಯಾರೂ ಯೋಚಿಸಲಿಲ್ಲ. ಅವರ ಮಗಳು ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದುಕೊಂಡು ಬಂದ ದಿನ ಅವರು ಅವಳ ತಲೆ ಸವರಿ "ಜಾಣೆ" ಅಂದರಂತೆ. ಹುಡುಗಿ ಅಡುಗೆ ಮನೆಗೆ ಓಡಿ ಸಕ್ಕರೆ ನೀರು ತಂದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಸರಿಯಾಗೇ ಇತ್ತು. ಮಾಸ್ಟರು ಲೋಟವನ್ನು ಕೆಳಗಿಟ್ಟು ಎದ್ದು ಹೋದರು. ಅಂದಿನಿಂದ ಒಳ್ಳೆ ಮಾತಿನ ಅಂಗಡಿಯನ್ನೇ ಮುಚ್ಚಿಬಿಟ್ಟರು. ಕಾಲರಕ್ಕ ಈ ಕಥೆಯನ್ನು ಅತ್ತಿಗೆಯಿಂದ ಕೇಳಿದಾಗ ಎಲ್ಲರ ಜೊತೆ ನಕ್ಕಳು. ಆದರೆ ಒಂದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡಳು: ಒಮ್ಮೆಯಾದರೂ ಅವರು ನಿಜವಾಗಿ ಹೊಗಳಿದ್ದುಂಟು.

ಆ ದಿನ ವಾದ್ಯಗೋಷ್ಠಿಯವರ ಬಿಳಿ ಅಂಗಿಗಳ ಕೆಲಸ. ಸಂಜೆಯೊಳಗೆ ಕೊಡಬೇಕಿತ್ತು. ಊಟದ ಹೊತ್ತು ಮೀರಿದರೂ ಮಾಸ್ಟರು ಮೇಜು ಬಿಟ್ಟು ಕದಲಲಿಲ್ಲ. ಗುಂಡಿ ತಾತ ಊಟ ನೆನಪಿಸಿದ್ದಕ್ಕೆ ಅವನ ಕಾಜಾಗಳ ಬಗ್ಗೆ ನಾಲ್ಕು ಮಾತು ಕೇಳಬೇಕಾಯಿತು. ಅಷ್ಟು ಜೋರಾಗಿ ಬೈದಿದ್ದರಿಂದ ಸಕ್ಕರೆ ಸರಿಯಾಗಿದೆ ಎಂದು ಎಲ್ಲರೂ ನೆಮ್ಮದಿಯಿಂದ ತಲೆ ತಗ್ಗಿಸಿದರು.

ಕಾಲರಕ್ಕ ಮುಗಿಸಿದ ಅಂಗಿಯೊಂದನ್ನು ಅವರ ಮುಂದಿಟ್ಟಳು. ಅದರ ಎಡ ಮೂಲೆ ಬಲಕ್ಕಿಂತ ಒಂದೆಳೆ ಉದ್ದವಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಅವಸರದಲ್ಲಿ ಒಮ್ಮೆ ಅದೃಷ್ಟ ನೋಡೋಣ ಎಂದು ಇಟ್ಟಿದ್ದಳು, ಬಿಚ್ಚು ಅನ್ನಿಸಿಕೊಳ್ಳಲು ಮಡಿಲನ್ನೂ ಸರಿ ಮಾಡಿಕೊಂಡು ನಿಂತಿದ್ದಳು. ಮಾಸ್ಟರು ಕಾಲರನ್ನು ಎತ್ತಿ ಹಿಡಿದರು. ಒಂದು ಕಣ್ಣು ಮುಚ್ಚಲಿಲ್ಲ.

"ಎಷ್ಟು ಚೆನ್ನಾಗಿದೆ" ಅಂದರು. "ಇಷ್ಟು ವರ್ಷ ಈ ಅಂಗಡಿ ನಡೀತಿರೋದು ನಿನ್ನ ಕೈಯಿಂದ. ನಾನು ಹೇಳ್ಲಿಲ್ಲ ಅಷ್ಟೆ."

ಅವಳಿಗೆ ಪಾಠದ ಮೊದಲ ಸಾಲು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾದೀತು, ಬಂತು. ಅವರ ಮೇಲ್ದುಟಿಯ ಬೆವರೂ ಕಣ್ಣಿಗೆ ಬಿತ್ತು. ಇಸ್ತ್ರಿಯ ಕಾವಿಗೆ ಯಾರಿಗಾದರೂ ಬೆವರುತ್ತದೆ ಎಂದುಕೊಂಡಳು. ಮಗಳ ತಲೆ ಸವರಿದ ದಿನ ಸಕ್ಕರೆ ಸರಿಯಾಗಿರಲಿಲ್ಲವೇ ಎಂದುಕೊಂಡಳು. ಈಗ ಸಕ್ಕರೆ ನೀರು ತಂದರೆ ಅವರು ಆವತ್ತಿನಂತೆ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ, ಮತ್ತೆ ಈ ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ಸ್ವಲ್ಪ ಹೊತ್ತು, ಕೈಯಲ್ಲಿರುವ ಅಂಗಿ ಮುಗಿಯುವ ತನಕ ನೋಡೋಣ ಎಂದು ಯಂತ್ರದ ಮುಂದೆ ಹೋಗಿ ಕುಳಿತಳು. ಇಪ್ಪತ್ತು ವರ್ಷದಲ್ಲಿ ಅಷ್ಟು ಸುಖವಾಗಿ ಅವಳು ಹೊಲಿದದ್ದೇ ಇಲ್ಲ.

ಅರ್ಧ ಕಾಲರ್ ಆಗಿತ್ತು, ದೊಡ್ಡ ಕತ್ತರಿ ನೆಲಕ್ಕೆ ಬಿದ್ದ ಸದ್ದಾಯಿತು. ಮಾಸ್ಟರ ಕೈಯಿಂದ ಕತ್ತರಿ ಬಿದ್ದದ್ದನ್ನು ಯಾರೂ ಕಂಡವರಲ್ಲ. ಹಿಂದೆಯೇ ಮಾಸ್ಟರು ಬಿದ್ದರು.

ಗುಂಡಿ ತಾತ ಸಕ್ಕರೆ ನೀರಿನ ಲೋಟ ಹಿಡಿದು ಓಡಿ ಬಂದ. ಮಾಸ್ಟರ ಕಣ್ಣು ಅರ್ಧ ತೆರೆದಿತ್ತು, ಕರೆದರೆ ಓಗೊಡಲಿಲ್ಲ, ಕೈಕಾಲು ಅದುರುತ್ತಿತ್ತು. ತಾತ ಅವರ ಬಾಯಿಗೆ ಲೋಟ ಹಿಡಿದದ್ದೇ ತಡ, ಕಾಲರಕ್ಕ ಅವನ ಕೈ ತಳ್ಳಿದಳು. ನೀರೆಲ್ಲ ಬಿಳಿ ಬಟ್ಟೆಯ ಮೇಲೆ ಹೋಯಿತು.

"ಬಾಯಿಗೆ ಏನೂ ಹಾಕ್ಬೇಡ ತಾತ. ಆಂಬುಲೆನ್ಸಿಗೆ ಫೋನ್ ಮಾಡು" ಅಂದಳು. ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ.

ನೂಲಿನ ಉಂಡೆಗಳ ಪಕ್ಕದಲ್ಲಿದ್ದ ಕಿತ್ತಳೆ ಬಣ್ಣದ ಡಬ್ಬಿ ತೆರೆದು, ಸೀಸೆಯ ಪುಡಿಗೆ ನೀರು ಬಿಟ್ಟು, ಮೆಲ್ಲಗೆ ತಿರುಗಿಸಿ, ತಿಳಿಯಾದದ್ದನ್ನು ಮತ್ತೆ ಸಿರಿಂಜಿಗೆ ಎಳೆದುಕೊಂಡಳು. ಎಷ್ಟೇ ಅಂದರೂ ಹೊಲಿಗೆಯವರು, ಗುರುತು ಹಾಕದೆ ಬಟ್ಟೆಗೆ ಸೂಜಿ ಇಡುವವರಲ್ಲ. ಪ್ಯಾಂಟಣ್ಣ ಜೇಬಿನಿಂದ ಸೀಮೆಸುಣ್ಣ ತೆಗೆದು ಮಾಸ್ಟರ ತೊಡೆಯ ಹೊರಮಗ್ಗುಲಲ್ಲಿ ಗುಣಿಸುವ ಗುರುತು ಹಾಕಿದ. ಹಾಕಿ ಮುಖ ಆಚೆ ತಿರುಗಿಸಿಕೊಂಡ. ಗುರುತು ಸರಿಯಾದ ಜಾಗದಲ್ಲೇ ಇತ್ತು. ಅವಳು ಪ್ಯಾಂಟಿನ ಮೇಲಿಂದಲೇ ಚುಚ್ಚಿ, ಮದ್ದು ಪೂರ್ತಿ ಒಳಗೆ ತಳ್ಳಿದಳು. ಆಮೇಲೆ ಮೂವರೂ ಸೇರಿ ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ವಾಂತಿಯಾದರೆ ಉಸಿರು ಕಟ್ಟಬಾರದು ಎಂಬುದು ಪಾಠದ ಕೊನೆಯ ಸಾಲು.

ಮಾಡುವುದೆಲ್ಲ ಮುಗಿದ ಮೇಲೆ ಅವಳು ನೆಲದ ಮೇಲೆ ಅವರ ಪಕ್ಕದಲ್ಲೇ ಕುಳಿತಳು. ಅವರು ಏಳದೆ ಹೋದರೆ ಕೊಂದದ್ದು ತಾನೇ, ಅದೂ ಒಂದು ಕಾಲರಿನ ಹೊಗಳಿಕೆಯ ಆಸೆಗೆ. ಇನ್ನು ಯಾವತ್ತೂ ಏನೂ ಬೇಡ, ಒಂದು ಸಲ ಕಣ್ಣು ಬಿಡಲಿ ಸಾಕು ಎಂದು ಬೇಡಿಕೊಂಡಳು.

ಮಾಸ್ಟರು ಕಣ್ಣು ಬಿಟ್ಟರು. ಮೊದಲು ವಾಂತಿ ಮಾಡಿಕೊಂಡರು. ಆಮೇಲೆ ಎಲ್ಲಿದ್ದೇನೆ ಎಂದು ನೋಡಿಕೊಂಡರು, ತೊಡೆ ನೋಡಿಕೊಂಡರು, ಸೀಮೆಸುಣ್ಣದ ಗುರುತು ಯಾವ ಕತ್ತೆ ಹಾಕಿದ್ದು ಎಂದು ಕ್ಷೀಣವಾಗಿ ಕೇಳಿದರು. ಪ್ಯಾಂಟಣ್ಣ ಕೈ ಎತ್ತಿದ. ನುಂಗಲು ಬರುತ್ತದೆ ಎಂದು ಖಾತ್ರಿಯಾದ ಮೇಲೆ ತಾತ ಸಕ್ಕರೆ ನೀರು ಕುಡಿಸಿ, ಬ್ರೆಡ್ ತಿನ್ನಿಸಿದ. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಮೆಟ್ಟಿಲಿಳಿಯುವಾಗ ಮಾಸ್ಟರು ಹೊತ್ತವರನ್ನೂ ಬಿಡದೆ, ನೆಟ್ಟಗೆ ಹಿಡಿದುಕೊಳ್ಳಲು ಬರುವುದಿಲ್ಲವೇ ಎಂದು ಕೇಳಿದರಂತೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅತ್ತಿಗೆ ಅವಳ ಕೈ ಹಿಡಿದುಕೊಂಡು, ನೀನಿದ್ದದ್ದಕ್ಕೆ ಉಳಿದರು ಎಂದಳು. ಕಾಲರಕ್ಕನಿಗೆ ಆ ಮಾತು ಸುಟ್ಟ ಹಾಗಾಯಿತು. ನಡೆದದ್ದನ್ನು ನಡೆದ ಹಾಗೇ ಹೇಳಿದಳು: ಹೊಗಳಿದ್ದು, ತನಗೆ ಗೊತ್ತಾದದ್ದು, ಗೊತ್ತಾದರೂ ಹೋಗಿ ಹೊಲಿಯುತ್ತ ಕುಳಿತದ್ದು. ಅತ್ತಿಗೆ ಬೈದರೂ ಸರಿ, ಹೊಡೆದರೂ ಸರಿ ಎಂದು ಕಾದಳು.

ಅತ್ತಿಗೆ ಬೈಯಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ಕುಳಿತಿದ್ದಳು.

"ನಮ್ಮನೇಲಿ ಸಕ್ಕರೆ ಡಬ್ಬಿ ಕೈಗೆ ಸಿಗೋ ಜಾಗದಲ್ಲೇ ಇದೆ" ಅಂದಳು. "ಆದ್ರೂ ಅವ್ರು ಹೊಗಳೋಕೆ ಶುರು ಮಾಡಿದ್ರೆ ನಾನು ಒಂದೊಂದ್ಸಲ ಹುಡುಕ್ತೀನಿ."

 ನರ್ಸ್ ಬಂದು, ಒಳಗಿರುವವರು ಗಂಜಿ ಬಿಸಿಯಿಲ್ಲ ಎಂದು ಗಲಾಟೆ ಮಾಡುತ್ತಿದ್ದಾರೆ, ಮನೆಯವರು ಯಾರು ಎಂದು ಕೇಳಿದಾಗ ಇಬ್ಬರೂ ಒಟ್ಟಿಗೇ ಎದ್ದು ನಿಂತರು.

ಮಾಸ್ಟರು ಅಂಗಡಿಗೆ ಮರಳಿದ ದಿನ ಅತ್ತಿಗೆಯೂ ಜೊತೆಗೆ ಬಂದಳು. ಊಟದ ಡಬ್ಬಿಯನ್ನು ಮೇಜಿನ ಮೇಲೇ ಇಟ್ಟಳು, ಕಿತ್ತಳೆ ಬಣ್ಣದ ಹೊಸ ಡಬ್ಬಿಯನ್ನು ನೂಲಿನ ಉಂಡೆಗಳ ಪಕ್ಕ ಇಟ್ಟಳು, ಅವರ ಬೆರಳು ಚುಚ್ಚಿ ಸಕ್ಕರೆ ನೋಡಿ ಸರಿಯಿದೆ ಎಂದು ತಲೆಯಾಡಿಸಿದಳು. ಮಾಸ್ಟರು ಇದನ್ನೆಲ್ಲ ಸಹಿಸಿಕೊಂಡು, ವಾದ್ಯಗೋಷ್ಠಿಯವರಿಗೆ ಹೋಗದೆ ಉಳಿದ ಅಂಗಿಯೊಂದನ್ನು ಕೈಗೆತ್ತಿಕೊಂಡರು. ಕಾಲರಿನ ಮೂಲೆಗಳನ್ನು ಮುಖಾಮುಖಿ ಹಿಡಿದು ಒಂದು ಕಣ್ಣು ಮುಚ್ಚಿದರು. ಮುಖ ಗಂಟಾಯಿತು.

"ಇದನ್ನ ಯಾರು ಪಾಸ್ ಮಾಡಿದ್ದು?"

"ನೀವೇ" ಅಂದಳು ಕಾಲರಕ್ಕ.

"ನಾನಾಗ ಅರ್ಧ ಸತ್ತಿದ್ದೆ. ನಿನ್ನ ಕಣ್ಣಿಗೇನಾಗಿತ್ತು? ಬಿಚ್ಚು."

ಅಂಗಿ ಬಂದು ಅವಳ ಮಡಿಲಿಗೆ ಬಿತ್ತು. ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ ತೆಗೆದುಕೊಂಡು ಎಳೆ ಎಳೆಯಾಗಿ ಬಿಚ್ಚತೊಡಗಿದಳು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಜೀವ ಉಳಿಸಿದವಳಿಗೆ ಬಂದ ದಿನವೇ ಹೀಗೆ ಅನ್ನಬಾರದಿತ್ತು ಎಂದು ಗುಂಡಿ ತಾತ ಪ್ಯಾಂಟಣ್ಣನ ಕಿವಿಯಲ್ಲಿ ಗೊಣಗಿದ. ಬೈಸಿಕೊಂಡು ಅಳುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು. ಅವಳು ಅತ್ತದ್ದು ಖುಷಿಗೆ: ತನ್ನ ಕಣ್ಣನ್ನೂ ಅವರು ನಂಬಿದ್ದರು, ಸಕ್ಕರೆ ಸರಿಯಿರುವಾಗಲೇ ಹಾಗಂದಿದ್ದರು. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ಅತ್ತಿಗೆಗೆ ಮಾತ್ರ, ಅವಳೂ ಆಗ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.