ದೂರು ಕೋಣೆಯ ಹಸಿರು ದಿಂಬು

ಬುಧವಾರ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು, ಚೀಲದಿಂದ ಹಸಿರು ದಿಂಬೊಂದನ್ನು ತೆಗೆದು ತಮ್ಮ ಕುರ್ಚಿಯ ಮೇಲಿಟ್ಟರು. ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಕಿತ್ತರು, ಅಂಟು ಉಳಿಯಿತು. ಉಗುರಿನಿಂದ ಕೆರೆದರು. ಕೂತು ನೋಡಿದರು, ಎದ್ದರು, ದಿಂಬನ್ನು ಮಗುಚಿ ಹಾಕಿ ಮತ್ತೆ ಕೂತರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹಾರಿ ಎತ್ತಿದರು. ಯಾರದೋ ಮನೆಯ ವಾಷಿಂಗ್ ಮಷೀನ್ ನೀರು ಹೊರಬಿಡುತ್ತಿರಲಿಲ್ಲ, ಅಷ್ಟೆ.

ವಾಷಿಂಗ್ ಮಷೀನ್ ಮಾರುವ, ಕೆಟ್ಟರೆ ರಿಪೇರಿ ಮಾಡಿಕೊಡುವ ಕಂಪನಿಯ ದೂರು ಕೋಣೆ ಅದು. ಅಲ್ಲಿ ಜನ ನಿಲ್ಲುವುದಿಲ್ಲ. ಬೆಳಿಗ್ಗೆ ಸೇರಿದ ಮೆಕ್ಯಾನಿಕ್ ಸಂಜೆಗೆ ಮಾಯವಾದದ್ದೂ ಉಂಟು. ಮಾಲೀಕರ ಹೆಂಡತಿಯ ತಮ್ಮನೇ ಮ್ಯಾನೇಜರ್. ಬೆನ್ನ ಹಿಂದೆ ಎಲ್ಲರಿಗೂ ಅವರು 'ಬಾಮೈದ'. ಒಂದು ವಾರ, ಕರೆ ಮಾಡಿದವರ ಜೊತೆ ಮಾತು ಚುಟುಕಾಗಿ ಮುಗಿಸಬೇಕೆಂದು ಅವರ ಆಜ್ಞೆ. ಮರುವಾರ, ಬೇಗ ಫೋನಿಟ್ಟವರಿಗೆ ಬೈಗುಳ. ಮೆಕ್ಯಾನಿಕ್ ಇಲ್ಲದಿದ್ದರೂ 'ಇವತ್ತೇ ಬರ್ತಾರೆ' ಎನ್ನಬೇಕು. ಬರದಿದ್ದಾಗ ಉಗಿಸಿಕೊಳ್ಳುವವರು ಫೋನ್ ಎತ್ತಿದವರು. ಇದ್ದವರಲ್ಲಿ ಹಳಬರೆಂದರೆ ಅಕ್ಕ. ಅದಕ್ಕೇ ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು ಅಕ್ಕ ಎನ್ನುತ್ತಾರೆ.

ಇಲ್ಲಿ ಕೆಲಸ ಬಿಡುವವರು ಬಾಯಿಬಿಟ್ಟು ಹೇಳುವುದಿಲ್ಲ. ಅವರ ಸಾಮಾನು ಹೇಳುತ್ತದೆ. ಮೊದಲು ಮೇಜಿನ ಮೇಲಿನ ಮಗುವಿನ ಫೋಟೊ ಹೋಗುತ್ತದೆ, ಆಮೇಲೆ ಮೇಜಿನಡಿಯ ಹಳೆ ಚಪ್ಪಲಿ, ಕೊನೆಗೆ ನೀರಿನ ಬಾಟಲಿ. ಬಾಟಲಿ ಹೋಯಿತೆಂದರೆ ಆಳೂ ಹೋದಂತೆ. ಇದು ಬಾಮೈದನಿಗೂ ಗೊತ್ತು. ಸಂಜೆ ಎಲ್ಲರೂ ಹೊರಟ ಮೇಲೆ ಮೇಜುಗಳ ನಡುವೆ ಒಂದು ಸುತ್ತು ಹಾಕುತ್ತಾರೆ. ಬರಿದಾಗುತ್ತಿರುವ ಮೇಜು ಕಣ್ಣಿಗೆ ಬಿದ್ದರೆ, ಮರುದಿನ ಅದರ ಒಡತಿಗೆ ಹಿಂದಿನ ಗೋಡೌನಿನಲ್ಲಿ ಕೆಲಸ: ವಾಪಸು ಬಂದ ಮಷೀನುಗಳ ಧೂಳು ಒರೆಸುವುದು. ಅಲ್ಲಿ ಕುರ್ಚಿಯಿಲ್ಲ, ಫೋನಿಲ್ಲ. ಹೆಚ್ಚಿನವರು ಊಟಕ್ಕೆಂದು ಹೋದವರು ತಿರುಗಿ ಬರುವುದಿಲ್ಲ.

ಅಕ್ಕನಿಗೆ ಕಣ್ಣಾಸ್ಪತ್ರೆಯೊಂದರಲ್ಲಿ, ರೋಗಿಗಳಿಗೆ ಸಮಯ ಗೊತ್ತುಮಾಡಿ ಕೊಡುವ ಕೆಲಸ ಸಿಗುವುದರಲ್ಲಿತ್ತು. ಸಂದರ್ಶನ ಮುಗಿದಿತ್ತು. "ಈ ವಾರ ನಿಮ್ಮ ಆಫೀಸಿಗೆ ಫೋನ್ ಮಾಡಿ ಒಂದು ಮಾತು ವಿಚಾರಿಸ್ತೀವಿ," ಎಂದಿದ್ದರು ಆಸ್ಪತ್ರೆಯವರು. ಅಕ್ಕ ಹೂಂ ಎಂದುಬಿಟ್ಟಿದ್ದರು. ಹಿಂದೊಮ್ಮೆ ಬೇರೊಬ್ಬಳ ವಿಷಯವಾಗಿ ಇಂಥದೇ ಕರೆ ಬಂದಾಗ, "ಅಂಥವರು ಯಾರೂ ಇಲ್ಲಿಲ್ಲ," ಎಂದು ಬಾಮೈದ ಫೋನಿಟ್ಟಿದ್ದರು. ಅವಳಿಗೆ ಆ ಕೆಲಸ ತಪ್ಪಿತು. ಕಂಪನಿಗಿರುವುದು ಒಂದೇ ನಂಬರ್, ಅದು ಬರುವುದು ದೂರು ಕೋಣೆಗೆ. ಕರೆಯನ್ನು ತಾವೇ ಎತ್ತಿ ನೇರ ಮಾಲೀಕರಿಗೆ ದಾಟಿಸಬೇಕು. ಅಲ್ಲಿಯತನಕ ಆ ಕೋಣೆ ಬಿಟ್ಟು ಕದಲುವಂತಿರಲಿಲ್ಲ.

ಇಂಥ ಹೊತ್ತಿನಲ್ಲೇ, ಮಂಗಳವಾರ, ಅವರ ನೀರಿನ ಬಾಟಲಿ ಕೈಜಾರಿ ಬಿದ್ದು ಒಡೆಯಿತು. ಮೇಜು ಬೋಳಾಯಿತು.

"ಅಂಗಡೀಲಿ ಬಾಟಲಿ ಸಿಗಲ್ವಾ?" ಎಂದರು ಮನೆಯಲ್ಲಿ ಗಂಡ. ಅವರು ಶಾಲೆಯ ವ್ಯಾನ್ ಓಡಿಸುತ್ತಾರೆ.

"ಸಿಗತ್ತೆ. ಹಳೇದನ್ನ ಆಗ್ಲೇ ಮನೆಗೆ ಸಾಗಿಸಿದಾಳೆ ಅಂದ್ಕೊಂಡ್ರೆ?"

"ನಿನ್ನ ತಲೆ! ಹಾಗಾದ್ರೆ ಒಂದು ದಿಂಬು ತಗೊಂಡೋಗಿ ಕುರ್ಚಿ ಮೇಲೆ ಹಾಕು. ಇವಳು ಇಲ್ಲೇ ಠಿಕಾಣಿ ಹೂಡಿದಾಳೆ ಅಂದ್ಕೋತಾರೆ. ಬಿಟ್ಟು ಹೋಗೋ ಕಡೆ ಯಾರಾದ್ರೂ ದಿಂಬು ಹಾಕ್ತಾರಾ?"

ಅಕ್ಕನಿಗೂ ಅದು ಸರಿ ಎನಿಸಿತು.

ಬುಧವಾರ ಪಕ್ಕದ ಕುರ್ಚಿಯ ಹುಡುಗಿ ಬಂದಳು. ದಪ್ಪ ಗಾಜಿನ ಕನ್ನಡಕ ಹಾಕುವುದರಿಂದ ಕೋಣೆಯಲ್ಲಿ ಅವಳ ಹೆಸರೇ 'ಕನ್ನಡಕ'. ಬ್ಯಾಗನ್ನೂ ಇಳಿಸದೆ ಕೇಳಿದಳು:

"ಅಕ್ಕಾ, ಯಾವಾಗ ಬಿಡ್ತಿದ್ದೀರಾ?"

"ಏನೇ ಅದು, ಬಾಯಿಗೆ ಬಂದ ಹಾಗೆ?"

"ದಿಂಬು."

"ಸೊಂಟ ನೋವು ಕಣೇ."

"ಇಷ್ಟು ವರ್ಷ ಇಲ್ದಿರೋ ಸೊಂಟ ಇವತ್ತು ಎಲ್ಲಿಂದ ಬಂತು? ಈ ಆಫೀಸಿಗೆ ಯಾರಾದ್ರೂ ಕೈಯಿಂದ ಕಾಸು ಹಾಕಿ ಹೊಸದು ತಂದಿದ್ದು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲಪ್ಪ. ಹೋಗೋರೇ ಹೀಗೆ ಇರೋ ಹಾಗೆ ತೋರಿಸ್ಕೊಳ್ಳೋದು."

ಆಚೆ ಮೇಜಿನವರು ಕಿಸಕ್ಕೆಂದರು. ಅಕ್ಕ ದಿಂಬನ್ನು ಎಳೆದು ಮೇಜಿನಡಿ ತುರುಕುವಷ್ಟರಲ್ಲಿ ಬಾಗಿಲಲ್ಲಿ ಬಾಮೈದ ನಿಂತಿದ್ದರು.

"ಬಣ್ಣ ಚೆನ್ನಾಗಿದೆ. ನೀವು ಇವತ್ತಿಂದ ಗೋಡೌನಲ್ಲಿರಿ. ದಿಂಬೂ ತಗೊಂಡೋಗಿ, ಅಲ್ಲಿ ಕುರ್ಚಿ ಇಲ್ಲ."

ಹೋಗುವ ಮುನ್ನ ಅಕ್ಕ ಕನ್ನಡಕದ ಕಿವಿಯ ಹತ್ತಿರ ಬಗ್ಗಿದರು. "ಕಣ್ಣಾಸ್ಪತ್ರೆಯಿಂದ ಫೋನ್ ಬರತ್ತೆ. ಮಾಲೀಕರಿಗೇ ಕೊಡು, ನಿನ್ನ ದಮ್ಮಯ್ಯ."

"ನೀವು ಹೋದ್ರೆ ನಿಮ್ಮ ಕಾಲ್‌ಗಳೂ ನನ್ನ ತಲೆಗೇ ಕಟ್ಟೋದು. ನಾನ್ಯಾಕೆ ಕೊಡ್ಲಿ?"

ಅವಳು ನಗುತ್ತಿರಲಿಲ್ಲ.

ಗೋಡೌನಿಗೂ ದೂರು ಕೋಣೆಗೂ ನಡುವೆ ಒಂದೇ ಗೋಡೆ. ಫೋನ್ ಬಡಿದುಕೊಂಡದ್ದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಅಕ್ಕ ಒಂದೇ ಮಷೀನನ್ನು ಮತ್ತೆ ಮತ್ತೆ ಒರೆಸಿದರು. ಫೋನ್ ಬಡಿದುಕೊಂಡಾಗಲೆಲ್ಲ ಬಟ್ಟೆ ಹಿಡಿದೇ ಬಾಗಿಲತನಕ ಹೋಗಿ ಹಿಂದಿರುಗಿದರು. ಊಟಕ್ಕೆ ಹೊರಗೆ ಹೋಗಲಿಲ್ಲ. ಹೋದರೆ ಅವರೂ ತಿರುಗಿ ಬರದವರ ಲೆಕ್ಕಕ್ಕೆ ಸೇರುತ್ತಿದ್ದರು.

ಕರೆ ಬಂದದ್ದು ಗುರುವಾರ ಮಧ್ಯಾಹ್ನ. ಮಾಲೀಕರ ಕೋಣೆಗೆ ಬೀಗ ಬಿದ್ದಿತ್ತು. ಬಾಮೈದ ಕೋಣೆಯ ಆ ತುದಿಯಲ್ಲಿ ಯಾರಿಗೋ ಬೈಯುತ್ತಿದ್ದರು. ಫೋನ್ ಎತ್ತಿದ ಕನ್ನಡಕ ಒಂದು ಗಳಿಗೆ ಅವರತ್ತ ನೋಡಿದಳು. ಅಕ್ಕನ ಖಾಲಿ ಕುರ್ಚಿಯತ್ತ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಇದಾರೆ ಮೇಡಂ... ರಜೆನೇ ಹಾಕಲ್ಲ. ಬೈದವರ ಹತ್ರಾನೂ ಮೆತ್ತಗೆ ಮಾತಾಡ್ತಾರೆ... ನಾನಾ? ನಾನು ಪಕ್ಕದ ಕುರ್ಚಿ. ಅವರಾದ್ಮೇಲೆ ಇಲ್ಲಿ ನನಗಿಂತ ಹಳಬರು ಯಾರೂ ಉಳಿದಿಲ್ಲ ಮೇಡಂ... ಅಲ್ಲಿ ಇನ್ನೊಂದು ಜಾಗ ಖಾಲಿ ಇದೆಯಾ?"

"ಯಾರದು?" ಎಂದರು ಬಾಮೈದ.

"ದೂರು ಸಾರ್. ಮೆಕ್ಯಾನಿಕ್ ಬಂದಿಲ್ವಂತೆ."

"ಇವತ್ತೇ ಬರ್ತಾರೆ ಅಂದ್ಯಾ?"

"ಅಂದೆ ಸಾರ್."

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಬನ್ನಿ ಎಂದು ಅಕ್ಕನ ಮೊಬೈಲಿಗೆ ಆಸ್ಪತ್ರೆಯಿಂದ ಕರೆ ಬಂತು. ಅವರು ಗೋಡೌನಿನ ಒರೆಸುವ ಬಟ್ಟೆ ಒಗೆದು ಹರವಿ, ದಿಂಬನ್ನು ಕನ್ನಡಕದ ಕೈಗಿತ್ತರು. "ನಿನ್ನ ಕುರ್ಚಿಗೆ ಹಾಕ್ಕೋ."

"ಹಾಕ್ಕೊಂಡು ಗೋಡೌನಿಗೆ ಹೋಗ್ಲಾ?" ಎಂದು ಅವಳು ಅದನ್ನು ಬ್ಯಾಗಿನೊಳಗೆ ಮಡಚಿ ತುರುಕಿ, ಸಂಜೆ ಮನೆಗೆ ಒಯ್ದಳು.

ಸೋಮವಾರ ಅಕ್ಕ ಆಸ್ಪತ್ರೆಯ ಕೆಲಸಕ್ಕೆ ಸೇರುತ್ತಾರೆ. ಅದೇ ದಿನ ದೂರು ಕೋಣೆಗೆ ಇಬ್ಬರು ಹೊಸಬರು ಬರಲಿದ್ದಾರೆ. ಅವರಿಗೆ ಕೆಲಸ ಕಲಿಸಬೇಕಾದವಳು ಕನ್ನಡಕ.